ಕೊನೆಯ ಮೂವತ್ತನಾಲ್ಕು ಸಾವಿರ ಬೈಟು

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸಗಳು ಇವು. ನಲ್ಲಿಯಲ್ಲಿ ನೀರು ನಿಲ್ಲುವಷ್ಟರಲ್ಲಿ ಡ್ರಮ್ಮು, ಬಕೆಟ್ಟು, ಕೊನೆಗೆ ಲೋಟಗಳನ್ನೂ ಬಿಡದೆ ತುಂಬಿಡುವುದು. ಒಲೆಯ ಒಂದು ಕಣ್ಣಿನ ಮೇಲೆ ಅತ್ತೆಯ ಗಂಜಿ, ಇನ್ನೊಂದರ ಮೇಲೆ ಬುತ್ತಿಯ ಅನ್ನ. ಗಂಜಿ ಆರುವಷ್ಟರಲ್ಲಿ ಅತ್ತೆಯನ್ನು ಎಬ್ಬಿಸಿ, ಬಚ್ಚಲಿಗೆ ಕರೆದೊಯ್ದು, ಮುಖ ತೊಳೆಸಿ, ರವಿಕೆಯ ಗುಂಡಿ ಹಾಕುವುದು. ಆ ಕೈಗಳು ಸದಾ ನಡುಗುತ್ತವೆ. ಚಮಚ ಕೊಟ್ಟರೆ ಗಂಜಿ ಬಾಯಿಗಿಂತ ಎದೆಗೇ ಹೆಚ್ಚು ಹೋಗುತ್ತದೆ, ಹಾಗಾಗಿ ತಾನೇ ಕುಡಿಸುವುದು. ಮಗಳ ತಲೆ ಬಾಚುವುದು. ಗಂಡನ ಅಂಗಿಗೆ ಇಸ್ತ್ರಿ ಹಾಕುವುದು. ಅವನು ಕೆಲಸ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿದೆ, ಆದರೆ ಕೆಲಸ ಹುಡುಕಲು ಹೋಗುವವನ ಅಂಗಿ ಕೆಲಸಕ್ಕೆ ಹೋಗುವವನ ಅಂಗಿಗಿಂತ ಗರಿಗರಿಯಾಗಿರಬೇಕು. ಆಮೇಲೆ ರಾತ್ರಿಯ ಪಾತ್ರೆ. ಇಷ್ಟಾದ ಮೇಲೆ ತಳದಲ್ಲಿ ಉಳಿದದ್ದನ್ನು ನಿಂತೇ ತಿನ್ನುವುದು. ಅದನ್ನು ಅವಳು ಕೆಲಸವೆಂದು ಎಣಿಸುವುದಿಲ್ಲ, ಯಾಕೆಂದರೆ ಎಷ್ಟೋ ದಿನ ತಳದಲ್ಲಿ ಏನೂ ಇರುವುದಿಲ್ಲ.

ಊರಿನ ಹೊರಗೆ ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯೊಂದಿದೆ. ಅದರ ಹಳೆಯ ಆಸ್ಪತ್ರೆ ಕಟ್ಟಡದ ನೆಲಮಾಳಿಗೆಯಲ್ಲಿ ಅವಳ ಕೆಲಸ. ಕಾರ್ಖಾನೆ ನಡೆಯುತ್ತಿದ್ದಾಗ ಸೀಸ ಮುಟ್ಟುವವರೆಲ್ಲರ ರಕ್ತವನ್ನು ವರ್ಷಕ್ಕೆ ಕೆಲವು ಸಲ ಪರೀಕ್ಷೆ ಮಾಡುತ್ತಿದ್ದರು. ಬಂದ ಅಂಕಿಗಳನ್ನು ಫ್ಲಾಪಿಗಳಲ್ಲಿ ತುಂಬಿಡುತ್ತಿದ್ದರು. ಅಂಗೈಯಗಲದ ಕಪ್ಪು ಚೌಕಗಳು, ಮೂಲೆಯಲ್ಲಿ ಲೋಹದ ಪುಟ್ಟ ಬಾಗಿಲು. ಆ ಫ್ಲಾಪಿಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿ ಕಂಪ್ಯೂಟರಿಗೆ ನಕಲು ಮಾಡುವುದು ಅವಳ ಪಾಲಿನದು. ನಕಲಾದ ಮೇಲೆ ಮೊದಲ ಫೈಲನ್ನು ತೆರೆದು, ಅಕ್ಷರ ಕಾಣಿಸಿದರೆ ಫ್ಲಾಪಿಯನ್ನು ಪಕ್ಕದ ಕೋಣೆಗೆ ದಾಟಿಸಬೇಕು. ಅಲ್ಲಿ ಅದನ್ನು ಪುಡಿ ಮಾಡುತ್ತಾರೆ. ಕಾರ್ಖಾನೆಯವರು ಕೊಟ್ಟ ಗುತ್ತಿಗೆ ಇದ್ದದ್ದೇ ಹಾಗೆ: ನಕಲು ಉಳಿಯಬೇಕು, ಅಸಲು ಅಳಿಯಬೇಕು.

ಪುಡಿ ಮಾಡುವ ಯಂತ್ರಕ್ಕೆ ಗಿರಣಿ ಎಂದೂ, ಅದನ್ನು ನಡೆಸುವ ಹೆಂಗಸಿಗೆ ಗಿರಣಿಯಮ್ಮ ಎಂದೂ ಹೆಸರು ಬಿದ್ದಿತ್ತು. ಇವಳು ಫ್ಲಾಪಿಯಮ್ಮ. ಗಿರಣಿಯಮ್ಮನಿಗೆ ವಯಸ್ಸು ಅರವತ್ತರ ಹತ್ತಿರ, ಹಲ್ಲಿನ ಬುಡದಲ್ಲಿ ಸೀಸ ಮೈಗೇರಿದವರಿಗೆ ಬರುವ ನೀಲಿ ಗೆರೆ. ಒಂದು ಕಾಲದಲ್ಲಿ ಇದೇ ಕಾರ್ಖಾನೆಯ ಹೆಂಗಸರ ಶೆಡ್ಡಿನಲ್ಲಿ, ಇವಳ ಅತ್ತೆಯ ಎದುರು ಬೆಂಚಿನಲ್ಲೇ ಕೂತು ಬ್ಯಾಟರಿಯ ಹಲಗೆಗಳಿಗೆ ಸೀಸದ ಹಿಟ್ಟು ಮೆತ್ತಿದವಳು.

"ನಿಮ್ಮತ್ತೆ ಮಹಾ ಜಗಳಗಂಟಿ ಕಣೇ," ಎನ್ನುತ್ತಿದ್ದಳು. "ನನ್ನ ಹಲಗೆ ತನ್ನ ರಾಶಿಗೆ ಸೇರಿಸ್ಕೋತಿದ್ದಳು. ಈಗ ಹೇಗಿದ್ದಾಳೆ?"

"ಕೈ ನಿಲ್ಲಲ್ಲ ಅಕ್ಕಾ. ಬಾಯಿ ಮಾತ್ರ ಹಾಗೇ ಇದೆ."

"ಬಾಯಿ ನಿಂತ ದಿನ ಹೇಳಿ ಕಳಿಸು, ಬರ್ತೀನಿ."

ಆ ಶೆಡ್ಡಿನ ಹೆಂಗಸರೆಲ್ಲ ಸೇರಿ ಕಾರ್ಖಾನೆಯ ಮೇಲೆ ದಾವೆ ಹಾಕಿದ್ದರು. ತಮ್ಮ ಕಾಯಿಲೆಗೆ ಆ ಸೀಸವೇ ಕಾರಣ, ಚಿಕಿತ್ಸೆಯನ್ನು ಅವರೇ ಕೊಡಿಸಬೇಕು ಎಂದು. ವಿಚಾರಣೆ ಹತ್ತಿರ ಬಂದಿತ್ತು. ರಕ್ತದಲ್ಲಿ ಸೀಸವಿತ್ತು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಸಾಕ್ಷಿ ಎಂದರೆ ಈ ಫ್ಲಾಪಿಗಳು. ಇವಳು ಮಾಡಿದ ನಕಲುಗಳು ತಂತಾವೇ ವಿಚಾರಣೆಯ ಕಚೇರಿಗೂ ತಲುಪುತ್ತಿದ್ದವು.

"ರಕ್ತ ತೆಗೆಯೋವಾಗ ಎಲ್ಲರೂ ಹಿಂದೆ ಸರೀತಿದ್ರು," ಎಂದು ಗಿರಣಿಯಮ್ಮ ಒಂದು ಮಧ್ಯಾಹ್ನ, ಗಿರಣಿಯ ಬಾಯಿಗೆ ಕಪ್ಪು ಚೌಕಗಳನ್ನು ಸುರಿಯುತ್ತಾ ಹೇಳಿದ್ದಳು. "ನಾನೇ ಮೊದಲು ಕೈ ಚಾಚ್ತಿದ್ದೆ. ನನ್ನ ಹೆಸರಂತೂ ಇದ್ದೇ ಇರತ್ತೆ." ಕರಕರ ಸದ್ದು ಗೋಡೆ ದಾಟಿ ಇವಳ ಮೇಜನ್ನೂ ನಡುಗಿಸುತ್ತಿತ್ತು.

ಮಗಳ ಶಾಲೆಯಲ್ಲಿ ದೊಡ್ಡ ಅಳತೆಯನ್ನು ಚಿಕ್ಕ ಅಳತೆಗೆ ಇಳಿಸುವ ಪಾಠ ನಡೆಯುತ್ತಿತ್ತು. ಒಂದು ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಾಗ ಮಗಳು ಪಕ್ಕದಲ್ಲಿ ಬಂದು ಕೂತಳು.

"ಅಮ್ಮಾ, ಮನೇಲಿರೋ ಯಾವುದಾದ್ರೂ ವಸ್ತುವಿನ ಲೆಕ್ಕ ಮಾಡಿ ತರಬೇಕಂತೆ. ಎಲ್ಲರೂ ನೀರಿನ ಡ್ರಮ್ಮಿಂದೇ ಮಾಡ್ತಾರೆ. ನಾನು ನಿನ್ನ ಫ್ಲಾಪೀದು ಮಾಡ್ಲಾ?"

"ಮಾಡು. ಸುಲಭ ಇದೆ. ಒಂದು ಪಾಯಿಂಟ್ ನಲವತ್ನಾಲ್ಕು ಎಂ.ಬಿ. ಒಂದು ಎಂ.ಬಿ. ಅಂದ್ರೆ ಹತ್ತು ಲಕ್ಷ ಬೈಟು. ಹದಿನಾಲ್ಕು ಲಕ್ಷದ ನಲವತ್ತು ಸಾವಿರ."

ಆ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಕೆಲಸ ಶುರುವಾದ ದಿನ ನಕಲಿನ ಪ್ರೋಗ್ರಾಂ ಕೇಳಿದ್ದ ಮೊದಲ ಪ್ರಶ್ನೆಯೇ ಅದು: ಡಿಸ್ಕಿನ ಅಳತೆ, ಬೈಟುಗಳಲ್ಲಿ. ಮೇಲ್ವಿಚಾರಕರು ಫ್ಲಾಪಿಯ ಚೀಟಿಯನ್ನು ಬೆರಳಿಂದ ತಟ್ಟಿ, "ಇಲ್ಲೇ ಬರೆದಿದೆಯಲ್ಲ ಮೇಡಂ, ಬೈಟಿಗೆ ಇಳಿಸಿ ಹಾಕಿ," ಎಂದಿದ್ದರು. ಹಿಂದಿನ ರಾತ್ರಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಇವಳ ಕಣ್ಣಲ್ಲಿ ಇನ್ನೂ ನಿದ್ದೆ ಇತ್ತು. ಮನಸ್ಸಿನಲ್ಲೇ ಇಳಿಸಿ ಹಾಕಿದ್ದಳು. ಪ್ರೋಗ್ರಾಂ ತಯಾರಿಸಿದವನು ಹೊರಡುವ ಮುಂಚೆ ಒಂದೇ ಮಾತು ಹೇಳಿಹೋಗಿದ್ದ: ಒಮ್ಮೆ ಹಾಕಿದ ಅಳತೆಯನ್ನು ಮುಟ್ಟಬೇಡಿ; ಬದಲಿಸಿದರೆ ಅದುವರೆಗಿನ ನಕಲುಗಳೆಲ್ಲ 'ಅಪೂರ್ಣ' ಎಂದು ಗುರುತಾಗುತ್ತವೆ, ವಿಚಾರಣೆ ಕಚೇರಿಯಲ್ಲಿ ಸಹ.

"ತಪ್ಪು," ಎಂದಳು ಮಗಳು. "ಕಂಪ್ಯೂಟರ್ ಅಳತೇಲಿ ಒಂದು ಕೆ.ಬಿ. ಅಂದ್ರೆ ಸಾವಿರದ ಇಪ್ಪತ್ನಾಲ್ಕು ಬೈಟು. ಸಾವಿರದ ಇಪ್ಪತ್ನಾಲ್ಕು ಕೆ.ಬಿ. ಸೇರಿದ್ರೆ ಒಂದು ಎಂ.ಬಿ. ಪುಸ್ತಕದಲ್ಲೇ ಇದೆ."

"ಹಾಗಾದ್ರೆ ಹಾಗೇ ಗುಣಿಸು."

ಮಗಳು ನಾಲಿಗೆ ಕಚ್ಚಿಕೊಂಡು ಗುಣಿಸಿದಳು. ಹದಿನೈದು ಲಕ್ಷದ ಒಂಬತ್ತು ಸಾವಿರದ ಒಂಬೈನೂರ ನಲವತ್ತೊಂಬತ್ತು ಬಂತು. ಅದರ ಹಿಂದೆ ಒಂದು ಬಿಂದು, ಬಿಂದುವಿನ ಹಿಂದೆ ನಲವತ್ನಾಲ್ಕು.

"ಅರ್ಧಂಬರ್ಧ ಬೈಟು ಇರತ್ತಾ ಅಮ್ಮಾ?"

ಅವಳ ಕೈಯಲ್ಲಿದ್ದ ಚಾಕು ನಿಂತಿತು. ಒಂದು ಬೈಟೆಂದರೆ ಒಂದು ಅಕ್ಷರ; ಅರ್ಧ ಅಕ್ಷರವನ್ನು ಯಾರು ಬರೆಯುತ್ತಾರೆ?

ಮಗಳು ಪೆನ್ಸಿಲು ಇಟ್ಟುಕೊಳ್ಳುತ್ತಿದ್ದುದು ಫ್ಲಾಪಿಗಳ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ. ತಾಯಿಯೇ ಕೆಲಸದಿಂದ ತಂದುಕೊಟ್ಟದ್ದು. ಪೆನ್ಸಿಲು ಸುರಿದು ಮುಚ್ಚಳದ ಒಳಮೈ ನೋಡಿದಳು. ಸಣ್ಣ ಅಕ್ಷರದಲ್ಲಿ ಎಲ್ಲ ಇತ್ತು. ಮುಖ ಎರಡು. ಪ್ರತಿ ಮುಖಕ್ಕೆ ಎಂಬತ್ತು ಸುತ್ತು. ಪ್ರತಿ ಸುತ್ತಿಗೆ ಹದಿನೆಂಟು ತುಂಡು. ಪ್ರತಿ ತುಂಡಿಗೆ ಐನೂರ ಹನ್ನೆರಡು ಬೈಟು. ಈ ಸಲ ತಾಯಿ ಮಗಳು ಒಟ್ಟಿಗೇ ಗುಣಿಸಿದರು. ಹದಿನಾಲ್ಕು ಲಕ್ಷದ ಎಪ್ಪತ್ತನಾಲ್ಕು ಸಾವಿರದ ಐನೂರ ಅರವತ್ತು. ಬಿಂದು ಇಲ್ಲ, ಚೂರು ಇಲ್ಲ.

"ಅಂದ್ರೆ ಫ್ಲಾಪಿ ಮೇಲೆ ಬರೆದಿರೋದು ಸುಳ್ಳಾ?"

ಅವಳು ಅದೇ ಸಂಖ್ಯೆಯನ್ನು ಸಾವಿರದ ಇಪ್ಪತ್ನಾಲ್ಕರಿಂದ ಭಾಗಿಸಿದಳು. ಸರಿಯಾಗಿ ಸಾವಿರದ ನಾನೂರ ನಲವತ್ತು ಕೆ.ಬಿ. ಅದನ್ನು ಸಾವಿರದಿಂದ ಭಾಗಿಸಿದರೆ ಒಂದು ಪಾಯಿಂಟ್ ನಲವತ್ನಾಲ್ಕು.

"ಪೂರ್ತಿ ಸುಳ್ಳಲ್ಲ," ಎಂದಳು ನಿಧಾನವಾಗಿ. "ಬೈಟಿಂದ ಕೆ.ಬಿ.ಗೆ ಹತ್ತೋವಾಗ ಸಾವಿರದ ಇಪ್ಪತ್ನಾಲ್ಕರ ದೊಡ್ಡ ಲೋಟದಲ್ಲಿ ಅಳೆದಿದ್ದಾರೆ. ಕೆ.ಬಿ.ಯಿಂದ ಎಂ.ಬಿ.ಗೆ ಹತ್ತೋವಾಗ ಸಾವಿರದ ಚಿಕ್ಕ ಲೋಟ. ನಾನು ಇಳಿಯೋವಾಗ ಎರಡು ಸಲಾನೂ ಚಿಕ್ಕ ಲೋಟಾನೇ ಹಿಡಿದೆ."

"ಎಷ್ಟು ಕಮ್ಮಿ ಆಯ್ತು?"

"ಮೂವತ್ತನಾಲ್ಕು ಸಾವಿರದ ಐನೂರ ಅರವತ್ತು."

"ಅಷ್ಟೇನಾ?" ಎಂದು ಮಗಳು ಪೆನ್ಸಿಲುಗಳನ್ನು ಮತ್ತೆ ಜೋಡಿಸತೊಡಗಿದಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ನೆಲಮಾಳಿಗೆಗೆ ಎಲ್ಲರಿಗಿಂತ ಮೊದಲು ಹೋದಳು. ಹಳೆಯ ನಕಲೊಂದನ್ನು ತೆರೆದಳು. ಫೈಲುಗಳ ಹೆಸರು ಸಾಲಾಗಿ ಕಂಡವು: ಕುಲುಮೆ, ಅಚ್ಚು, ಜೋಡಣೆ, ಗೋದಾಮು, ಕಟ್ಟಕಡೆಗೆ ಹೆಂಗಸರ ಶೆಡ್ಡು. ಹೆಸರುಗಳೆಲ್ಲ ಡಿಸ್ಕಿನ ಆರಂಭದಲ್ಲೇ ಬರೆದಿರುತ್ತವಾದ್ದರಿಂದ ಒಂದೂ ಹೋಗಿರಲಿಲ್ಲ. ಕುಲುಮೆ ತೆರೆಯಿತು. ಗೋದಾಮು ತೆರೆಯಿತು. ಹೆಂಗಸರ ಶೆಡ್ಡನ್ನು ಒತ್ತಿದಾಗ ಬಿಳಿ ಪರದೆ ಬಂದು ನಿಂತಿತು. ಇನ್ನೊಂದು ನಕಲು. ಮತ್ತೊಂದು. ಎಲ್ಲದರಲ್ಲೂ ಹೆಂಗಸರ ಶೆಡ್ಡು ಎನ್ನುವ ಹೆಸರಿತ್ತು, ಹೆಸರಿನ ಹಿಂದೆ ಬಿಳಿ ಪರದೆಯಿತ್ತು.

ಯಾಕೆ ಹೀಗೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಕಾಲದ ಗುಮಾಸ್ತ ಒಂದು ಸುತ್ತಿನ ಪರೀಕ್ಷೆಯನ್ನು ಒಂದು ಫ್ಲಾಪಿಗೆ ಹಿಡಿಸುತ್ತಿದ್ದ, ತುದಿಯವರೆಗೂ ತುಂಬುತ್ತಿದ್ದ. ಮೊದಲು ಗಂಡಸರ ವಿಭಾಗಗಳು. ಹೆಂಗಸರದು ಜಾಗ ಉಳಿದಷ್ಟರಲ್ಲಿ, ಕೊನೆಗೆ. ಅದು ನಿಯಮವಾಗಿರಲಿಲ್ಲ. ನಿಯಮ ಬೇಕಾಗಿಯೂ ಇರಲಿಲ್ಲ. ಅವಳ ಮನೆಯಲ್ಲೂ ಯಾರೂ ನಿಯಮ ಮಾಡಿರಲಿಲ್ಲ, ಆದರೂ ಪಾತ್ರೆಯ ತಳ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬಳಿಗೆ ಒಂದು ಸಾಲು, ಸಾಲಿಗೆ ಎಂಬತ್ತು ಅಕ್ಷರ ಎಂದು ಹಿಡಿದರೆ, ಅವಳು ಕತ್ತರಿಸಿ ಬಿಟ್ಟ ತುದಿಯಲ್ಲಿ ಪ್ರತಿ ಸಲವೂ ನಾನೂರಕ್ಕೂ ಹೆಚ್ಚು ಹೆಂಗಸರು ಕೂತಿದ್ದರು. ಮೊದಲ ಫೈಲನ್ನಷ್ಟೇ ತೆರೆದು ನೋಡಿ ಎಂದಿದ್ದರು. ಅವಳು ಮೊದಲ ಫೈಲನ್ನಷ್ಟೇ ನೋಡಿದ್ದಳು.

ಗೋಡೆಯಾಚೆ ಗಿರಣಿ ಶುರುವಾಯಿತು. ಇನ್ನು ಉಳಿದಿದ್ದದ್ದು ಒಂದೇ ಕಪಾಟು. ಅದರಲ್ಲಿದ್ದುದು ಕಾರ್ಖಾನೆಯ ಕೊನೆಯ ವರ್ಷಗಳ ಫ್ಲಾಪಿಗಳು. ಅತ್ತೆ ಆಗ ಶೆಡ್ಡಿನಲ್ಲಿದ್ದರು. ಗಿರಣಿಯಮ್ಮ ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದಳು. ಅವಳ ವರ್ಷಗಳು ಹಿಂದಿನ ಕಪಾಟುಗಳಲ್ಲಿದ್ದವು. ಅವನ್ನು ಗಿರಣಿಯಮ್ಮ ತನ್ನ ಕೈಯಾರೆ ಗಿರಣಿಗೆ ಹಾಕಿ ಆಗಿತ್ತು.

ಮೇಲ್ವಿಚಾರಕರ ಕೋಣೆಗೆ ಹೋಗಿ ನಿಂತು ಹೇಳಿದಳು. ಹೇಳಿದ್ದನ್ನೆಲ್ಲ ಅವರು ಅಡ್ಡ ಮಾತಾಡದೆ ಕೇಳಿಸಿಕೊಂಡರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆಶ್ಚರ್ಯಪಡಲಿಲ್ಲ. ಅವಳಿಗೆ ಭಯ ಹುಟ್ಟಿದ್ದು ಆಗ.

"ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಸರ್."

"ಮನೇಲಿ?"

"ಮಗಳಿಗೆ ಲೆಕ್ಕ ಗೊತ್ತು. ಇದೆಲ್ಲ ಗೊತ್ತಿಲ್ಲ."

"ಒಳ್ಳೇದು. ಮಕ್ಕಳಿಗೆ ಲೆಕ್ಕ ಬರಬೇಕು." ಅವರು ನಕ್ಕರು. "ನೋಡಿ ಮೇಡಂ, ಅಳತೆ ಹಾಕಿದವರು ನೀವು. ಪ್ರತಿ ನಕಲಿನ ಕೆಳಗೂ ನಿಮ್ಮ ಹೆಸರೇ ಬಿದ್ದಿದೆ. ಈಗ ಇದನ್ನ ಕೆದಕಿದ್ರೆ ಆ ಹೆಂಗಸರೆಲ್ಲ ಯಾರ ಮನೆ ಬಾಗಿಲಿಗೆ ಬರ್ತಾರೆ, ನೀವೇ ಹೇಳಿ."

"ಉಳಿದ ಕಪಾಟನ್ನಾದ್ರೂ ಸರಿಯಾದ ಅಳತೇಲಿ..."

"ಅಳತೆ ಬದಲಿಸಿದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಲ್ಲ. ಬೇಡ. ನಾಳೆ ಮಧ್ಯಾಹ್ನದೊಳಗೆ ಆ ಕಪಾಟು ಮುಗಿಸಿಬಿಡಿ. ನಿಮ್ಮನ್ನ ಖಾಯಂ ಮಾಡೋ ಕಾಗದಾನೂ ನಾಳೇನೇ ಬರತ್ತೆ." ಅವಳು ಬಾಗಿಲು ದಾಟುವಾಗ, "ನಿಮ್ಮತ್ತೆ ಕೈ ಹೇಗಿದೆ ಈಗ?" ಎಂದರು.

ಅತ್ತೆಯ ಕೈಯ ವಿಷಯ ಅವಳು ಇವರಿಗೆ ಯಾವತ್ತೂ ಹೇಳಿರಲಿಲ್ಲ.

ಆ ಸಂಜೆ ಮನೆಯ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಕೂತಿತ್ತು. ಹೊಳೆಯುವ ಪ್ಲಾಸ್ಟಿಕ್ಕಿನ ಹೊದಿಕೆ, ಕೆಂಪು ರಿಬ್ಬನ್ನು, ಒಳಗೆ ಒಂದೇ ಗಾತ್ರದ ಸೇಬುಗಳು.

"ನಿಮ್ಮ ಆಫೀಸಿಂದ ಬಂದಿದ್ರು," ಎಂದರು ಅತ್ತೆ. ಅವರ ಮುಖ ಅರಳಿತ್ತು. "ಇಬ್ಬರು. ಎಷ್ಟು ಮರ್ಯಾದಸ್ಥರು. ಒಬ್ಬನಂತೂ ನನ್ನ ಕೈ ಹಿಡ್ಕೊಂಡು ನೋಡಿದ. ಯಾವಾಗಿಂದ ಹೀಗೆ, ಯಾವ ಡಾಕ್ಟ್ರು, ಎಲ್ಲ ಕೇಳಿದ. ನೀನು ಒಂದಿನ ಆದ್ರೂ ಹಾಗೆ ಕೇಳಿದ್ದೀಯಾ?"

"ಇಲ್ಲ ಅತ್ತೆ. ನಾನು ಬರೀ ಗಂಜಿ ಕುಡಿಸಿದ್ದೀನಿ."

"ಮಾತಿಗೇನೂ ಕಮ್ಮಿ ಇಲ್ಲ. ಒಂದು ಹಣ್ಣು ಹೆಚ್ಚಿಕೊಡು."

"ಇನ್ನೇನು ಕೇಳಿದ್ರು?"

"ಮೊಮ್ಮಗಳು ಯಾವ ಶಾಲೆ ಅಂದ್ರು. ಹೇಳಿದೆ."

ಅವಳು ಬುಟ್ಟಿಯನ್ನು ಬಿಚ್ಚಲಿಲ್ಲ. ಹೊದಿಕೆಯ ಸಮೇತ ಎತ್ತಿ ಕಪಾಟಿನ ನೆತ್ತಿಯ ಮೇಲಿಟ್ಟಳು. ಹಣ್ಣನ್ನೂ ಕೊಡದ ಸೊಸೆ ಎಂದು ಅತ್ತೆ ಊಟ ಮುಗಿಯುವವರೆಗೂ ಗೊಣಗಿದರು.

ಗಂಡ ಎಲ್ಲವನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದ. ಅವಳು ಪಾತ್ರೆ ತಿಕ್ಕುತ್ತಲೇ ಹೇಳಿದಳು.

"ಯಾಕೆ ತಲೆ ಕೆಡಿಸ್ಕೋತೀಯ?" ಎಂದ. "ಅಮ್ಮನ ಫ್ಲಾಪಿಗಳು ಇನ್ನೂ ಇವೆಯಲ್ಲ. ಅವನ್ನ ಮಾತ್ರ ಸದ್ದಿಲ್ಲದೆ ಬ್ಯಾಗಲ್ಲಿ ಹಾಕ್ಕೊಂಡು ಬಂದುಬಿಡು. ನಮ್ಮ ವಕೀಲರಿಗೆ ಕೊಡೋಣ. ಅಮ್ಮಂದು ಉಳಿಯತ್ತೆ, ನಿನ್ನ ಕೆಲಸಾನೂ ಉಳಿಯತ್ತೆ."

"ಉಳಿದೋರು?"

"ಅವರದ್ದು ಹೋಗೇ ಹೋಗಿದೆ. ಪುಡಿ ಆದದ್ದನ್ನ ನೀನು ತಂದುಕೊಡ್ತೀಯಾ?"

"ಪುಡಿ ಆಗಿದೆ ಅಂತ ಗೊತ್ತಾಗೋದೂ ಬೇಡವಾ? ಈಗಿರೋ ನಕಲು ನೋಡಿದ್ರೆ ಆ ಹೆಂಗಸರಿಗೆ ಯಾವತ್ತೂ ಪರೀಕ್ಷೆನೇ ಆಗಿಲ್ಲ ಅನ್ನೋ ಹಾಗಿದೆ. ವಿಚಾರಣೇಲಿ ಅದನ್ನೇ ಹೇಳ್ತಾರೆ. ಪರೀಕ್ಷೆ ಆಗಿತ್ತು, ನಕಲು ಮಾಡೋವಾಗ ಹೋಯ್ತು ಅಂತ ಗೊತ್ತಾದ್ರೆ, ಹೋದದ್ದಕ್ಕೆ ಜವಾಬು ಕೊಡಬೇಕಾದೋರು ಬೇರೆ ಆಗ್ತಾರೆ."

"ಅಂದ್ರೆ ನೀನು."

ಪಾತ್ರೆಯ ತಳಕ್ಕೆ ಹತ್ತಿದ್ದ ಹಾಲು ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ.

"ಅವರು ಮಗಳ ಶಾಲೆ ಕೇಳ್ಕೊಂಡು ಹೋಗಿದ್ದಾರೆ," ಎಂದ ಗಂಡ, ದನಿ ತಗ್ಗಿಸಿ. "ಅದನ್ನ ಯೋಚನೆ ಮಾಡು."

"ನಾಳೆಯಿಂದ ಶಾಲೆಗೆ ನೀವೇ ಕರ್ಕೊಂಡು ಹೋಗಿ, ನೀವೇ ಕರ್ಕೊಂಡು ಬನ್ನಿ. ಇಸ್ತ್ರಿ ಅಂಗಿ ಹೇಗೂ ಇದೆ."

ಬೆಳಗ್ಗೆ ನೀರು, ಗಂಜಿ, ಬಚ್ಚಲು, ಜಡೆ, ಇಸ್ತ್ರಿ. ಗಂಜಿ ಕುಡಿಸುವಾಗ ಅತ್ತೆಯ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಆ ನಡುಕ ಅವಳ ತೋಳಿನೊಳಗೂ ಹತ್ತಿ ಬಂತು. ನೆಲಮಾಳಿಗೆಯ ಬಾಗಿಲಲ್ಲಿ ಗಿರಣಿಯಮ್ಮ ಎದುರಾದಳು. ಇವತ್ತು ಅವಳು ಹೊಸ ಚಪ್ಪಲಿ ಹಾಕಿದ್ದಳು.

"ವಿಚಾರಣೆ ದಿನಕ್ಕೆ ತಗೊಂಡೆ," ಎಂದು ಕಾಲು ಮುಂದೆ ಮಾಡಿ ತೋರಿಸಿದಳು. "ದೊಡ್ಡೋರ ಮುಂದೆ ನಿಲ್ಲೋವಾಗ ಕಾಲಾದ್ರೂ ನೆಟ್ಟಗಿರಲಿ. ಕಚ್ಚತ್ತೆ, ಅದಕ್ಕೆ ಈಗ್ಲೇ ಹಾಕ್ಕೊಂಡು ಪಳಗಿಸ್ತಾ ಇದ್ದೀನಿ. ಬೇಗ ಕೊಡು ತಾಯಿ ಉಳಿದದ್ದು. ಮಧ್ಯಾಹ್ನದೊಳಗೆ ಮುಗಿಸು ಅಂತ ನನಗೂ ಹುಕುಂ ಆಗಿದೆ."

"ಕೊಡ್ತೀನಿ ಅಕ್ಕಾ. ಸ್ವಲ್ಪ ತಡಿ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಮೇಜಿನ ಮೇಲೆ ಖಾಯಂ ಕಾಗದ ಆಗಲೇ ಬಂದು ಕೂತಿತ್ತು. ಕುರ್ಚಿಗೆ ಹೊಸ ಮೆತ್ತೆ ಹಾಕಿದ್ದರು. ಅವಳು ಮೆತ್ತೆ ತೆಗೆದು ನೆಲಕ್ಕಿಟ್ಟು ಕೂತಳು. ಕಪಾಟಿನಿಂದ ಅತ್ತೆಯ ವರ್ಷದ ಒಂದು ಫ್ಲಾಪಿ ತಂದು ಯಂತ್ರಕ್ಕೆ ಹಾಕಿ, ನಕಲು ಮಾಡದೆ ನೇರವಾಗಿ ಕೊನೆಯ ಫೈಲನ್ನು ತೆರೆದಳು. ಪರದೆಯ ತುಂಬ ಸಾಲುಗಳು ಇಳಿದವು. ಹೆಸರು, ಅಂಕಿ, ಹೆಸರು, ಅಂಕಿ. ಅತ್ತೆಯ ಹೆಸರಿನ ಮುಂದಿದ್ದ ಅಂಕಿಯನ್ನು ಓದಿದಳು. ಗೋದಾಮಿನ ಫೈಲು ತೆರೆದು ಅಲ್ಲಿಯ ಗಂಡಸರ ಅಂಕಿಗಳನ್ನು ನೋಡಿದಳು. ಮತ್ತೆ ಹೆಂಗಸರ ಶೆಡ್ಡಿಗೆ ಬಂದಳು. ಎಲ್ಲರ ಕೊನೆಗೆ ಬರೆಸಿಕೊಂಡವರ ಅಂಕಿಗಳೇ ಎಲ್ಲರಿಗಿಂತ ದೊಡ್ಡವಾಗಿದ್ದವು, ಗಂಡಸರದಕ್ಕಿಂತ ಮೂರು ಪಟ್ಟು. ಆ ವ್ಯತ್ಯಾಸವನ್ನು ಬರೆದ ಗುಮಾಸ್ತನೂ ನೋಡಿರಬೇಕು, ಓದಿದ ಡಾಕ್ಟರೂ ನೋಡಿರಬೇಕು. ಆದರೂ ಮುಂದಿನ ಫ್ಲಾಪಿಯಲ್ಲೂ ಅದೇ ಶೆಡ್ಡು, ಅದೇ ಹೆಸರುಗಳು.

ಬ್ಯಾಗು ಅವಳ ಕಾಲ ಬಳಿ ಬಾಯಿ ತೆರೆದು ಕೂತಿತ್ತು. ಬುತ್ತಿ ಡಬ್ಬಿಯ ಪಕ್ಕದಲ್ಲಿ, ಅತ್ತೆಯ ಫ್ಲಾಪಿಗಳು ಹಿಡಿಸುವಷ್ಟು ಜಾಗ ಚೆನ್ನಾಗಿಯೇ ಇತ್ತು.

ಗಿರಣಿಯಮ್ಮ ಗೋಡೆ ತಟ್ಟಿದಳು. "ಏನೇ, ನಿದ್ದೆ ಮಾಡಿದ್ಯಾ?"

ಮೆಟ್ಟಿಲ ಕಡೆಯಿಂದ ಬೂಟಿನ ಸದ್ದು ಇಳಿದು ಬರುತ್ತಿತ್ತು. ಮೇಲ್ವಿಚಾರಕರು ಬೆಳಗ್ಗೆ ಇಷ್ಟು ಬೇಗ ಯಾವತ್ತೂ ಕೆಳಗೆ ಬಂದವರಲ್ಲ. ಅವಳು ಎದ್ದು ಬಾಗಿಲ ಚಿಲಕ ಹಾಕಿದಳು. ಬಂದು ಕೂತು ಅಳತೆಯ ಪುಟ ತೆರೆದಳು. ಹದಿನಾಲ್ಕು ಲಕ್ಷದ ನಲವತ್ತು ಸಾವಿರವನ್ನು ಅಳಿಸಿದಳು. 14,74,560 ಎಂದು ಒತ್ತಿದಳು. ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡೇ ಒತ್ತಿದಳು.

ಪರದೆ ಕೇಳಿತು: ಅಳತೆ ಬದಲಾಗುತ್ತಿದೆ. ಈವರೆಗಿನ ಎಲ್ಲ ನಕಲುಗಳೂ ನಿಮ್ಮ ಹೆಸರಿನಲ್ಲಿ 'ಅಪೂರ್ಣ' ಎಂದು ಗುರುತಾಗುತ್ತವೆ. ಮುಂದುವರಿಯಬೇಕೆ?

ಹೊರಗಿನಿಂದ ಯಾರೋ ಬಾಗಿಲು ನೂಕಿದರು. ಚಿಲಕ ಅಲುಗಿತು.

"ಮೇಡಂ," ಎಂದಿತು ಮೃದುವಾದ ದನಿ. "ಬಾಗಿಲು ಯಾಕೆ ಹಾಕ್ಕೊಂಡಿದ್ದೀರಿ?"

ಅವಳು 'ಹೌದು' ಎನ್ನುವುದನ್ನು ಒತ್ತಿದಳು. ಆಮೇಲೆ, ಅತ್ತೆಯ ಫ್ಲಾಪಿ ಹೊಸ ಅಳತೆಯಲ್ಲಿ ನಕಲಾಗಲು ಯಂತ್ರದಲ್ಲಿ ತಿರುಗತೊಡಗಿದಾಗ, ಬುತ್ತಿ ಡಬ್ಬಿಯಷ್ಟೇ ಇದ್ದ ಬ್ಯಾಗಿನ ಜಿಪ್ಪು ಎಳೆದು ಕಾಲಿನಿಂದ ಮೇಜಿನಡಿಗೆ ತಳ್ಳಿದಳು.